ಕಡಿಮೆ ಕೂದಲು ಉದುರುವ ನಾಯಿ ತಳಿಗಳು ಮತ್ತು ಅಲರ್ಜಿ

ಕಡಿಮೆ ಕೂದಲು ಉದುರುವ ನಾಯಿ ತಳಿಗಳೆಂದರೆ ಮೈಗೂದಲು ಸದಾ ಬೆಳೆಯುತ್ತ, ಅಲ್ಪ ಪ್ರಮಾಣದಲ್ಲಷ್ಟೇ ಉದುರುವ ತಳಿಗಳು. ಪೂಡಲ್, ಬಿಷಾನ್ ಫ್ರೀಜೆ, ಶಿಟ್ಜು ಇವುಗಳಲ್ಲಿ ಮುಖ್ಯವಾದವು. ಅಲರ್ಜಿ ಇರುವವರಿಗೆ ಇವುಗಳಿಂದ ಅಪಾಯವಿಲ್ಲವೆಂಬ ನಂಬಿಕೆ ವ್ಯಾಪಕವಾಗಿದ್ದರೂ ಅದಕ್ಕೆ ಖಚಿತವಾದ ವೈಜ್ಞಾನಿಕ ಆಧಾರವಿಲ್ಲ.

ಅಲರ್ಜಿಯ ಕಾರಣ

ಅಲರ್ಜಿಯನ್ನು ಉಂಟುಮಾಡುವುದು ಕೂದಲಲ್ಲ. ನಾಯಿಯ ಜೊಲ್ಲು, ಚರ್ಮದ ಹೊಟ್ಟು ಹಾಗೂ ಮೂತ್ರದಲ್ಲಿರುವ ಪ್ರೋಟೀನುಗಳು. ಅವುಗಳಲ್ಲಿ ಪ್ರಮುಖವಾದುದು ‘ಕ್ಯಾನ್ ಎಫ್ 1’. ನೆದರ್ಲೆಂಡ್ಸ್‌ನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಲರ್ಜಿ ತಾರದವೆಂದು ಹೆಸರಾದ ತಳಿಗಳ ಕೂದಲಿನಲ್ಲಿ ಈ ಪ್ರೋಟೀನು ಇತರ ತಳಿಗಳಿಗಿಂತ ಹೆಚ್ಚಾಗಿಯೇ ಕಂಡುಬಂದಿತು. ‘ಕ್ಯಾನ್ ಎಫ್ 5’ ಗಂಡುನಾಯಿಗಳಲ್ಲಿ ಮಾತ್ರ ಉತ್ಪತ್ತಿಯಾಗುತ್ತದೆ. ಅದೊಂದಕ್ಕೇ ಅಲರ್ಜಿ ಇರುವವರಿಗೆ ಹೆಣ್ಣುನಾಯಿ ಒಗ್ಗಬಹುದು.

ಮಲೆನಾಡಿನಲ್ಲಿ ಆಯ್ಕೆ

ಬಾಳೂರು, ಮೂಡಿಗೆರೆ, ಕಳಸ ಮೊದಲಾದ ಕಾಫಿ ಸೀಮೆಯ ಊರುಗಳಲ್ಲಿ ಮಳೆಗಾಲದ ತೇವದಿಂದ ಮನೆಯೊಳಗೆ ಬೂಷ್ಟು ಹಾಗೂ ಧೂಳಿನ ಸೂಕ್ಷ್ಮ ಹುಳುಗಳು ಹೆಚ್ಚುತ್ತವೆ. ಇವೂ ಸೀನು, ಉಬ್ಬಸಗಳನ್ನು ತರಬಲ್ಲವು. ಆದ್ದರಿಂದ ಅಲರ್ಜಿಗೆ ನಾಯಿಯೇ ಕಾರಣವೇ ಎಂಬುದನ್ನು ವೈದ್ಯರಲ್ಲಿ ಚರ್ಮದ ಅಥವಾ ರಕ್ತದ ಪರೀಕ್ಷೆಯ ಮೂಲಕ ಮೊದಲು ತಿಳಿಯಬೇಕು. ಸದಾ ಬೆಳೆಯುವ ಕೂದಲು ಒದ್ದೆಯಾದಾಗ ಗಂಟುಗಟ್ಟುತ್ತದೆ. ತೋಟದ ಉಣುಗುಗಳೂ ಅದರಲ್ಲಿ ಅಡಗುತ್ತವೆ. ಬಾಗಲಕೋಟೆ ಜಿಲ್ಲೆಯ ಮುಧೋಳ ತಳಿಯ ಗಿಡ್ಡ ಕೂದಲನ್ನು ಒರೆಸಿ ಶುಚಿಯಾಗಿಡುವುದು ಸುಲಭ. ಆದರೆ ಅದೂ ಅಲರ್ಜಿಮುಕ್ತವಲ್ಲ.

ಒಂದೇ ತಳಿಯ ನಾಯಿಗಳಲ್ಲಿಯೂ ಈ ಪ್ರೋಟೀನುಗಳ ಪ್ರಮಾಣ ಬೇರೆಬೇರೆಯಾಗಿರುತ್ತದೆ. ಹೀಗಾಗಿ ತಳಿಯ ಹೆಸರನ್ನು ನಂಬುವುದಕ್ಕಿಂತ, ಸಾಕಬೇಕೆಂದಿರುವ ನಾಯಿಯೊಡನೆಯೇ ಹಲವು ಬಾರಿ ಕಾಲ ಕಳೆದು ನೋಡುವುದು ಸೂಕ್ತ. ತೀವ್ರ ಉಬ್ಬಸವಿರುವವರು ವೈದ್ಯರ ಸಲಹೆಯಿಲ್ಲದೆ ಇದಕ್ಕೆ ಮುಂದಾಗಬಾರದು. ಸಾಕಿದ ಬಳಿಕ ನಾಯಿಯನ್ನು ಮಲಗುವ ಕೋಣೆಯಿಂದ ಹೊರಗಿರಿಸುವುದು ರೂಢಿಯಾಗಬೇಕು.