ಎಲ್ಲದಕ್ಕೂ ಇಪ್ಪತ್ತೇ!

ನಮ್ಮ ಮಿನಿ ಪ್ರಾಜೆಕ್ಟ್ ತಂಡದಲ್ಲಿ ನಾಲ್ವರು, ನಾಲ್ಕು ತಾಲ್ಲೂಕಿನವರು. ನಾನು ಚನ್ನಗಿರಿ, ಉಳಿದವರು ಹೊನ್ನಾಳಿ, ನ್ಯಾಮತಿ, ಜಗಳೂರು. ವೈದ್ಯಕೀಯ ಪತ್ರಿಕೆಗಳ ಲೇಖನಗಳ ವಿವರವನ್ನು ಹುಡುಕಿ ತರುವ ಪ್ರೋಗ್ರಾಂ ಬರೆಯಬೇಕಿತ್ತು. ವಿಷಯ ಅವರವರ ಊರಿನದೇ ಇರಲಿ ಅಂದುಕೊಂಡೆವು. ಜಗಳೂರಿನವನು ಬೋರ್‌ವೆಲ್ ನೀರಿನ ಫ್ಲೋರೈಡ್ ತಗೊಂಡ. ಹೊನ್ನಾಳಿಯವಳು ಹಾವು ಕಡಿತ. ನ್ಯಾಮತಿಯವನು ‘ನಾನು ರಿಪೋರ್ಟ್ ಟೈಪ್ ಮಾಡ್ತೀನಿ’ ಅಂತ ಜಾರಿಕೊಂಡ. ನಾನು ಅಡಿಕೆ. ಚನ್ನಗಿರಿಯವಳು ಇನ್ನೇನು ತಗೋಬೇಕು? ನನ್ನ ಫೀಸು ಕಟ್ಟಿದ್ದೂ ಅಡಿಕೆಯೇ.

ಪಬ್‌ಮೆಡ್ ಎಂಬುದು ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ 1996ರಲ್ಲಿ ಶುರು ಮಾಡಿದ ಪಟ್ಟಿ. ಅದರಲ್ಲೀಗ ಮೂರೂವರೆ ಕೋಟಿಗೂ ಹೆಚ್ಚು ಲೇಖನಗಳ ಶೀರ್ಷಿಕೆ, ಲೇಖಕರ ಹೆಸರು, ಬಹಳಷ್ಟಕ್ಕೆ ಸಾರಾಂಶ ಇವೆ. ಅದನ್ನು ಪ್ರೋಗ್ರಾಂನಿಂದಲೇ ಕೇಳಲು ಬಯೋಪೈಥಾನ್ ಎಂಬ ಉಚಿತ ಲೈಬ್ರರಿಯಲ್ಲಿ ಎಂಟ್ರೆಜ್ ಅಂತ ಪುಟ್ಟ ಭಾಗವಿದೆ. ಪದ ಕೊಟ್ಟರೆ ಲೇಖನಗಳ ನಂಬರ್ ಬರುತ್ತದೆ, ನಂಬರ್ ಕೊಟ್ಟರೆ ವಿವರ. ನಮ್ಮ ಇಮೇಲ್ ಹೇಳಿಕೊಳ್ಳಬೇಕು. ಕೀ ಪಡೆಯದಿದ್ದರೆ ಸೆಕೆಂಡಿಗೆ ಮೂರು ಸಲಕ್ಕಿಂತ ಹೆಚ್ಚು ಕೇಳುವಂತಿಲ್ಲ.

ಹತ್ತೇ ಸಾಲಿನ ಕೋಡ್. ಅಡಿಕೆಗೆ ಇಪ್ಪತ್ತು ಲೇಖನ ಬಂತು. ನನಗೆ ಒಳಗೊಳಗೇ ಸಮಾಧಾನ. ಇಪ್ಪತ್ತೇ ಅಂದರೆ ಅಡಿಕೆ ಅಷ್ಟೇನೂ ಕೆಟ್ಟದ್ದಲ್ಲ ಬಿಡು ಅಂದುಕೊಂಡೆ. ಆಮೇಲೆ ನೋಡಿದರೆ ಫ್ಲೋರೈಡಿಗೂ ಇಪ್ಪತ್ತು, ಹಾವಿಗೂ ಇಪ್ಪತ್ತು! ನಾವು ಬೇರೆ ಸಂಖ್ಯೆ ಹೇಳದಿದ್ದರೆ ಅದು ಇಪ್ಪತ್ತು ನಂಬರ್ ಮಾತ್ರ ಕಳಿಸುತ್ತದಂತೆ. ಒಟ್ಟು ಎಷ್ಟಿವೆ ಎಂಬುದು ಉತ್ತರದಲ್ಲೇ ಬೇರೆ ಕಡೆ ಇತ್ತು, ನಾವು ನೋಡಿರಲಿಲ್ಲ. ಸರಿಪಡಿಸಿದಾಗ ನನ್ನ ಅಡಿಕೆ ಸಾವಿರ ದಾಟಿತು.

ಅದರಲ್ಲೂ ಅರೆಕಾ ನಟ್ ಎಂದು ಬಿಡಿಸಿ ಬರೆದರೆ ಒಂದು ಲೆಕ್ಕ, ಕೂಡಿಸಿ ಬರೆದರೆ ಇನ್ನೊಂದು. ದಾವಣಗೆರೆಯ ಇಂಗ್ಲಿಷ್ ಸ್ಪೆಲ್ಲಿಂಗ್ ನಡುವೆ ಒಂದು ‘ಎ’ ಇಟ್ಟರೆ ಕೆಲವು ಲೇಖನ, ತೆಗೆದರೆ ಬೇರೆ ಕೆಲವು.

ಸಾರಾಂಶಗಳನ್ನು ಓದುತ್ತಾ ರಾತ್ರಿ ಒಂದಾಯಿತು. ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಹೆಸರು ಮತ್ತೆ ಮತ್ತೆ ಬರುತ್ತಿತ್ತು. ಅಡಿಕೆ ಜಗಿಯುವವರ ಬಾಯಿಯ ಒಳಚರ್ಮ ಬಿಗಿಯುತ್ತದೆ, ಖಾರ ತಿಂದರೆ ಉರಿ, ಬರಬರುತ್ತಾ ಬಾಯಿ ತೆರೆಯುವುದೇ ಕಷ್ಟ. ಕೆಲವರಲ್ಲಿ ಅದು ಕ್ಯಾನ್ಸರ್‌ಗೆ ತಿರುಗುತ್ತದೆ. ತಂಬಾಕು ಸೇರಿಸದಿದ್ದರೂ ಅಡಿಕೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ನನಗೆ ಚಿಕ್ಕಪ್ಪ ನೆನಪಾದ. ಎರಡು ವರ್ಷದಿಂದ ಅವನು ಸಾರಿಗೆ ಖಾರ ಬೇಡ ಅನ್ನುತ್ತಾನೆ, ರೊಟ್ಟಿ ಚೂರು ಮಾಡಿ ನೆನೆಸಿ ತಿನ್ನುತ್ತಾನೆ. ಹಲ್ಲುನೋವು ಅಂತಲೇ ನಾವೆಲ್ಲ ತಿಳಿದಿದ್ದೆವು.

ಶನಿವಾರ ಊರಿಗೆ ಹೋದವಳೇ, ‘ಚಿಕ್ಕಪ್ಪಾ, ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹಾಕು’ ಅಂದೆ. ಅವನು ನಕ್ಕ. ಎರಡನೇ ಬೆರಳಿಗೇ ನಿಂತಿತು.

ಅಪ್ಪನಿಗೆ ಲ್ಯಾಪ್‌ಟಾಪ್ ತೋರಿಸಿದೆ. ಬಹಳ ಹೊತ್ತು ನೋಡಿ, ‘ಹಂಗಂತ ತೋಟ ಕಡಿಯೋಕಾಗುತ್ತೇನೇ?’ ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೆ ಸೋಮವಾರ ಬೆಳಿಗ್ಗೆ ದಾವಣಗೆರೆಯ ದಂತ ಆಸ್ಪತ್ರೆಗೆ ತಮ್ಮನನ್ನು ಕರೆದುಕೊಂಡು ಹೊರಟಿದ್ದೂ ಅವನೇ. ಬಸ್ ಹತ್ತುವ ಮುಂಚೆ ಚಿಕ್ಕಪ್ಪ ಜೇಬಿನ ಅಡಿಕೆ ಪೊಟ್ಟಣವನ್ನು ಚಿಕ್ಕಮ್ಮನ ಕೈಗಿಟ್ಟ.