ವಿದೇಶಕ್ಕೆ ಹೊರಟವರ ಪೆಟ್ಟಿಗೆ: ಯಾವುದರಲ್ಲಿ ತುಂಬಬೇಕು, ಯಾವುದನ್ನು ಕೈಯಲ್ಲೇ ಇಡಬೇಕು?

ವಿದೇಶದಲ್ಲಿ ಕೆಲಸ ಸಿಕ್ಕಿದ ಯುವಕ ಯುವತಿಯರು ಹೊರಡುವ ಮುನ್ನ ಚರ್ಚಿಗೆ ಬಂದು ಆಶೀರ್ವಾದ ಪಡೆಯುವುದು ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲಿ ಹಿಂದಿನಿಂದ ಬಂದ ರೂಢಿ. ಪ್ರಾರ್ಥನೆ ಮುಗಿದ ಮೇಲೆ ಅವರ ಮನೆಯವರು ಕೇಳುವ ಪ್ರಶ್ನೆ ಹೆಚ್ಚಾಗಿ ಒಂದೇ: "ಫಾದರ್, ರಟ್ಟಿನ ಬಾಕ್ಸ್ ಸಾಕಾ, ಸೂಟ್‌ಕೇಸೇ ಬೇಕಾ?" ಕೇಳಲು ಸಣ್ಣ ಪ್ರಶ್ನೆ. ಆದರೆ ಬಜ್ಪೆಯ ವಿಮಾನ ನಿಲ್ದಾಣದಲ್ಲಿ ತೂಕ ಹೆಚ್ಚಾಗಿ, ಎಲ್ಲರೆದುರು ಪೆಟ್ಟಿಗೆ ಬಿಚ್ಚಿ, ಅಮ್ಮ ಕಟ್ಟಿಕೊಟ್ಟ ಹಪ್ಪಳ, ಉಪ್ಪಿನಕಾಯಿಗಳನ್ನು ಹೊರತೆಗೆದು, ಬೀಳ್ಕೊಡಲು ಬಂದವರನ್ನು ಫೋನ್ ಮಾಡಿ ಮತ್ತೆ ಬಾಗಿಲಿಗೆ ಕರೆಸುವವರನ್ನು ನಾವು ಕಂಡಿದ್ದೇವೆ. ಆದುದರಿಂದ ಈ ಬಾರಿ ಇದೇ ವಿಷಯವನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇವೆ.

ಮೊದಲು ಟಿಕೆಟನ್ನು ಓದಬೇಕು. ಗಲ್ಫ್ ರಾಷ್ಟ್ರಗಳ ಹೆಚ್ಚಿನ ಟಿಕೆಟುಗಳಲ್ಲಿ ಒಟ್ಟು ತೂಕ ಲೆಕ್ಕ, 20 ಅಥವಾ 30 ಕಿಲೋ ಎಂದು. ಅಮೆರಿಕ, ಕೆನಡಾಕ್ಕೆ ಹೋಗುವವರಿಗೆ ಸಾಮಾನ್ಯವಾಗಿ ಪೆಟ್ಟಿಗೆಗಳ ಲೆಕ್ಕ, ಒಂದೊಂದೂ 23 ಕಿಲೋ. ಅಲ್ಲಿ ಒಂದು ಪೆಟ್ಟಿಗೆ 26, ಇನ್ನೊಂದು 20 ಇದ್ದರೆ ಒಟ್ಟು ಸರಿಹೋಯಿತಲ್ಲ ಎಂದು ವಾದಿಸಿ ಪ್ರಯೋಜನವಿಲ್ಲ. ಒಟ್ಟು ತೂಕಕ್ಕೆ ಅವಕಾಶ ಇದ್ದರೂ ಒಂದೇ ಪೆಟ್ಟಿಗೆ 32 ಕಿಲೋ ಮೀರುವಂತಿಲ್ಲ. ಅದನ್ನು ಎತ್ತಿ ಹಾಕುವ ಕಾರ್ಮಿಕರ ಬೆನ್ನಿನ ರಕ್ಷಣೆಗಾಗಿ ಮಾಡಿದ ನಿಯಮ ಅದು, ನ್ಯಾಯವಾದದ್ದೇ. ಮಂಗಳೂರಿನಿಂದ ಮುಂಬಯಿ ಅಥವಾ ಬೆಂಗಳೂರಿಗೆ ಬೇರೆಯೇ ಟಿಕೆಟ್ ಮಾಡಿ ಅಲ್ಲಿಂದ ವಿದೇಶಕ್ಕೆ ಹಾರುವವರು ಇನ್ನೂ ಎಚ್ಚರವಾಗಿರಬೇಕು. ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯವಾಗಿ ಸಿಗುವುದು 15 ಕಿಲೋ ಮಾತ್ರ. ಒಂದೇ ಟಿಕೆಟ್ ಆಗಿದ್ದರೆ ವಿದೇಶ ಪ್ರಯಾಣದ ತೂಕವೇ ಮೊದಲ ವಿಮಾನಕ್ಕೂ ಅನ್ವಯಿಸುತ್ತದೆ. ಟಿಕೆಟಿನಲ್ಲಿ ಸಾವಿರ ರೂಪಾಯಿ ಉಳಿಸಿ ಲಗೇಜಿಗೆ ಅದರ ಹಲವು ಪಟ್ಟು ಕಟ್ಟುವವರು ಇದ್ದಾರೆ.

ಇನ್ನು ಪೆಟ್ಟಿಗೆಯ ವಿಚಾರ. ನಾವು ಸೆಮಿನರಿಗೆ ಸೇರಿದಾಗ ತಗಡಿನ ಟ್ರಂಕ್ ಹೊತ್ತುಕೊಂಡು ಹೋದವರು. ಟ್ರಂಕಿಗೆ ಎಷ್ಟು ತೂಕ ಎಂದು ಆಗ ಯಾರೂ ಕೇಳಲಿಲ್ಲ. ವಿಮಾನದಲ್ಲಿ ಹಾಗಲ್ಲ, ಖಾಲಿ ಪೆಟ್ಟಿಗೆಯ ಭಾರವೂ ನಿಮ್ಮ ಲೆಕ್ಕಕ್ಕೇ ಸೇರುತ್ತದೆ. ದೊಡ್ಡ ಗಾತ್ರದ ಚಕ್ರದ ಸೂಟ್‌ಕೇಸ್ ಖಾಲಿಯಾಗಿಯೇ ನಾಲ್ಕರಿಂದ ಐದು ಕಿಲೋ ತೂಗುತ್ತದೆ. ಅಂತಹ ಎರಡನ್ನು ಒಯ್ದರೆ 30 ಕಿಲೋದಲ್ಲಿ ಸುಮಾರು ಒಂಬತ್ತು ಕಿಲೋ ಪೆಟ್ಟಿಗೆಗೇ ಹೋಯಿತು. ಐದು ಪದರದ ಗಟ್ಟಿ ರಟ್ಟಿನ ಬಾಕ್ಸ್ ಒಂದು ಒಂದೂವರೆ ಕಿಲೋ ಅಷ್ಟೇ. ಹಾಗಾಗಿ ಮೊದಲ ಸಲ ಗಲ್ಫಿಗೆ ಹೋಗುವವರಿಗೆ ನಮ್ಮ ಸಲಹೆ, ಒಂದು ಮಧ್ಯಮ ಗಾತ್ರದ ಸೂಟ್‌ಕೇಸ್, ಜೊತೆಗೆ ಒಂದು ರಟ್ಟಿನ ಬಾಕ್ಸ್. ಸೂಟ್‌ಕೇಸ್ ಅಲ್ಲಿನ ಕೋಣೆಯಲ್ಲಿ ಕಪಾಟಿನ ಕೆಲಸವನ್ನೂ ಮಾಡುತ್ತದೆ, ಏಕೆಂದರೆ ಹಂಚಿಕೊಂಡ ಕೋಣೆಯಲ್ಲಿ ಬೀಗ ಹಾಕಬಹುದಾದ ಜಾಗ ಅದೊಂದೇ. ಬಾಕ್ಸ್ ಖಾಲಿಯಾದ ಮೇಲೆ ಎಸೆದರೆ ಆಯಿತು.

ರಟ್ಟಿನ ಬಾಕ್ಸ್ ಒಯ್ಯುವುದು ನಾಚಿಕೆ ಎಂದು ಈಗಿನವರು ಭಾವಿಸುತ್ತಾರೆ. ನಾಚಿಕೆ ಏನೂ ಇಲ್ಲ. ಆದರೆ ಕಟ್ಟುವುದು ಗೊತ್ತಿರಬೇಕು. ನಮ್ಮ ಮಳೆಗಾಲದಲ್ಲಿ ರಟ್ಟು ನೆನೆದರೆ ತಳ ಬಿಟ್ಟುಹೋಗುತ್ತದೆ. ಒಳಗೆ ಮೊದಲು ದಪ್ಪ ಪ್ಲಾಸ್ಟಿಕ್ ಚೀಲ ಹರಡಿ ಅದರಲ್ಲಿ ಸಾಮಾನು ತುಂಬಿ, ಅಂಚುಗಳಿಗೆಲ್ಲ ಅಗಲದ ಟೇಪ್ ಹಾಕಬೇಕು. ಹಗ್ಗ ಸುತ್ತುವ ಹಳೆಯ ಕ್ರಮ ಈಗ ಎಲ್ಲೆಡೆ ನಡೆಯುವುದಿಲ್ಲ. ಹಗ್ಗದ ತುದಿ ಸಾಮಾನು ಸಾಗಿಸುವ ಬೆಲ್ಟಿಗೆ ಸಿಕ್ಕಿ ಯಂತ್ರವೇ ನಿಲ್ಲುತ್ತದೆ. ದುಬೈ ವಿಮಾನ ನಿಲ್ದಾಣವು 2017ರ ಮಾರ್ಚ್ ತಿಂಗಳಿನಿಂದ, ಒಂದಾದರೂ ಚಪ್ಪಟೆ ಬದಿ ಇಲ್ಲದ, ಉರುಟಾದ ಗಂಟುಮೂಟೆಗಳನ್ನು ಸ್ವೀಕರಿಸುವುದನ್ನು ನಿಲ್ಲಿಸಿತು. ಜಿದ್ದಾದಲ್ಲಿಯೂ ಬಟ್ಟೆಯ ಗಂಟು, ಹಗ್ಗ ಕಟ್ಟಿದ ಬಾಕ್ಸುಗಳಿಗೆ ಅವಕಾಶವಿಲ್ಲ. ಬೆಡ್‌ಶೀಟಿನಲ್ಲಿ ಗಂಟು ಕಟ್ಟುವ ಅಭ್ಯಾಸ ಬಿಟ್ಟುಬಿಡಿ. ಅಳತೆಯನ್ನೂ ನೋಡಿಕೊಳ್ಳಿ. ಉದ್ದ, ಅಗಲ, ಎತ್ತರ ಕೂಡಿಸಿದರೆ 158 ಸೆಂಟಿಮೀಟರ್ ಒಳಗಿರಬೇಕು ಎಂಬುದು ಅನೇಕ ಕಂಪನಿಗಳ ನಿಯಮ.

ತಿನಿಸುಗಳನ್ನು ಸ್ಟೀಲ್ ಡಬ್ಬಿಯಲ್ಲಿ ತುಂಬುವ ತಾಯಂದಿರಿಗೆ ಒಂದು ಮಾತು. ಸ್ಟೀಲ್ ಭಾರ, ಮೇಲಾಗಿ ಎಕ್ಸ್‌ರೇಯಲ್ಲಿ ಒಳಗಿನದು ಸರಿಯಾಗಿ ಕಾಣದೆ ಪೆಟ್ಟಿಗೆ ತೆರೆಯಿರಿ ಎನ್ನುತ್ತಾರೆ. ಗಟ್ಟಿ ಪ್ಲಾಸ್ಟಿಕ್ ಡಬ್ಬಿಯೇ ಸಾಕು. ಎಣ್ಣೆ, ಉಪ್ಪಿನಕಾಯಿ ಬಾಟಲಿಗಳನ್ನು ಕಂಠದ ತನಕ ತುಂಬದೆ, ಮುಚ್ಚಳಕ್ಕೆ ಟೇಪ್ ಸುತ್ತಿ, ಎರಡೆರಡು ಪ್ಲಾಸ್ಟಿಕ್ ಚೀಲದೊಳಗಿಟ್ಟು ಬಟ್ಟೆಗಳ ನಡುವೆ ಇಡಿ. ಬಫಾತ್ ಹುಡಿಯನ್ನು ಕೈಚೀಲದಲ್ಲಿ ಇಡಬೇಡಿ. ಅದರಲ್ಲಿ ಮೆಣಸಿದೆ, ಮೆಣಸಿನ ಹುಡಿಗೆ ವಿಮಾನದ ಒಳಗೆ ಪ್ರವೇಶವಿಲ್ಲ. ಒಣ ಕೊಬ್ಬರಿಯನ್ನು ಕೈಚೀಲದಲ್ಲಾಗಲಿ ಪೆಟ್ಟಿಗೆಯಲ್ಲಾಗಲಿ ಒಯ್ಯುವಂತಿಲ್ಲ. ಎಣ್ಣೆಯ ಅಂಶ ಹೆಚ್ಚಿರುವ ಕೊಬ್ಬರಿ ತಾನಾಗಿಯೇ ಬಿಸಿಯೇರಿ ಬೆಂಕಿ ಹತ್ತಿಕೊಳ್ಳಬಲ್ಲದು. ಮೊಬೈಲಿಗೆ ಚಾರ್ಜ್ ಮಾಡುವ ಪವರ್ ಬ್ಯಾಂಕ್ ಇದಕ್ಕೆ ವಿರುದ್ಧ. ಅದು ಕೈಚೀಲದಲ್ಲೇ ಇರಬೇಕು, ಪೆಟ್ಟಿಗೆಯಲ್ಲಿ ಕೂಡದು.

ಇಳಿಯುವ ದೇಶದ ಕಾನೂನು ಬೇರೆಯೇ ಇದೆ. ನಮ್ಮ ಪಾಯಸದ ಗಸಗಸೆ ಅಫೀಮು ಗಿಡದ ಬೀಜ. ಯು.ಎ.ಇ., ಸೌದಿ ಮುಂತಾದ ಕಡೆ ಅದು ಮಾದಕ ವಸ್ತುವಿನ ಸಾಲಿಗೆ ಸೇರಿದೆ. ಮಸಾಲೆ ಹುಡಿಯಲ್ಲಿಯೂ ಬೆರೆಸಿ ಕಳುಹಿಸಬೇಡಿ. ಹಂದಿ ಮಾಂಸದ ಉಪ್ಪಿನಕಾಯಿ ಸೌದಿ, ಕುವೈಟ್, ಕತಾರ್‌ಗೆ ಬೇಡವೇ ಬೇಡ. ಅಮೆರಿಕಕ್ಕೆ ಕುಚ್ಚಲಕ್ಕಿ ಒಯ್ಯುವವರ ಅಕ್ಕಿಯನ್ನು ಅಲ್ಲಿನ ಅಧಿಕಾರಿಗಳು ಖಾಪ್ರಾ ಎಂಬ ಕೀಟದ ಭಯದಿಂದ 2011ರಿಂದ ಬಿಡುತ್ತಿಲ್ಲ. ಆಸ್ಟ್ರೇಲಿಯಾ, ನ್ಯೂಜಿಲೆಂಡಿಗೆ ಮೊಂತಿ ಫೆಸ್ತಿನ ಆಶೀರ್ವದಿಸಿದ ತೆನೆ ಕೊಂಡೊಯ್ಯಬೇಡಿ. ಬೀಜದ ಮಣಿಯ ಜಪಸರ, ಮರದ ಶಿಲುಬೆ ಇದ್ದರೆ ಫಾರ್ಮಿನಲ್ಲಿ ಬರೆದು ತೋರಿಸಬೇಕು. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ.

ಇಷ್ಟೆಲ್ಲದಕ್ಕಿಂತ ನಮ್ಮನ್ನು ಹೆಚ್ಚು ಚಿಂತೆಗೀಡು ಮಾಡುವುದು ಬೇರೆಯವರ ಪಾರ್ಸೆಲ್. ಊರಿನಲ್ಲಿ ಯಾರಾದರೂ ಹೊರಟರೆಂದು ತಿಳಿದ ಕೂಡಲೇ, "ನಮ್ಮ ಮಗನಿಗೆ ಒಂದು ಸಣ್ಣ ಕಟ್ಟು" ಎಂದು ನಾಲ್ಕು ಮನೆಗಳಿಂದ ಬರುತ್ತದೆ. 2019ರಲ್ಲಿ ಮುಂಬಯಿಯ ದಂಪತಿ ಬಂಧುವೊಬ್ಬರು ಕೊಟ್ಟ ಪೊಟ್ಟಣ ಹಿಡಿದು ದೋಹಾದಲ್ಲಿ ಇಳಿದಾಗ ಅದರಲ್ಲಿ ನಾಲ್ಕು ಕಿಲೋಗೂ ಹೆಚ್ಚು ಚರಸ್ ಸಿಕ್ಕಿತು. ಇಬ್ಬರಿಗೂ ಹತ್ತು ವರ್ಷದ ಶಿಕ್ಷೆಯಾಯಿತು. ಪತ್ನಿ ಜೈಲಿನಲ್ಲಿದ್ದಾಗಲೇ ಹೆಣ್ಣು ಮಗುವನ್ನು ಹೆತ್ತರು. ಅವರಿಗೆ ಏನೂ ಗೊತ್ತಿರಲಿಲ್ಲ ಎಂಬುದು ಭಾರತದಲ್ಲಿ ತನಿಖೆಯಾಗಿ, ನ್ಯಾಯಾಲಯ ಒಪ್ಪಿ, ಅವರು ಊರಿಗೆ ಮರಳಿದ್ದು 2021ರಲ್ಲಿ. ಕೊಟ್ಟವರು ಸ್ವಂತ ಬಂಧು ಎಂಬುದನ್ನು ಗಮನಿಸಿ. ಕಟ್ಟನ್ನು ಎದುರಲ್ಲೇ ಬಿಚ್ಚಿಸಿ, ನೋಡಿ, ನೀವೇ ಮತ್ತೆ ಕಟ್ಟಿ. ಬಿಚ್ಚಲು ಮನಸ್ಸಿಲ್ಲದವರ ಸಾಮಾನು ಬೇಡ. ಹೇಳಲು ಸಂಕೋಚವಾದರೆ "ಫಾದರ್ ಬೇಡ ಅಂದಿದ್ದಾರೆ" ಎನ್ನಿ, ಆ ಬೈಗುಳ ನಮಗಿರಲಿ. ವಾಳೆಯ ಗುರಿಕಾರರು ಈ ವಿಷಯವನ್ನು ತಮ್ಮ ಕೂಟಗಳಲ್ಲಿ ಪ್ರಸ್ತಾಪಿಸಬೇಕಾಗಿ ವಿನಂತಿ. ಸಾಧ್ಯವಿದ್ದರೆ ಚರ್ಚ್ ಕಛೇರಿಯಲ್ಲಿ ಪೆಟ್ಟಿಗೆಯನ್ನು ಕೊಕ್ಕೆಗೆ ಹಾಕಿ ಎತ್ತಿ ತೂಗುವ ಚಿಕ್ಕ ತಕ್ಕಡಿ ಒಂದನ್ನು ಇಟ್ಟುಕೊಳ್ಳಿ. ಹೆಚ್ಚು ಬೆಲೆಯೇನೂ ಇಲ್ಲ, ಎಲ್ಲರಿಗೂ ಉಪಯೋಗ.

ಪಾಸ್‌ಪೋರ್ಟ್, ವೀಸಾ, ಕೆಲಸದ ಕರಾರುಪತ್ರ, ದೃಢೀಕರಿಸಿದ ಮೂಲ ಅಂಕಪಟ್ಟಿಗಳು, ದಾದಿಯರ ನೋಂದಣಿ ಪತ್ರ, ನಿತ್ಯದ ಔಷಧಿ ಮತ್ತು ವೈದ್ಯರ ಚೀಟಿ, ಚಿನ್ನ, ಒಂದು ಜೊತೆ ಬಟ್ಟೆ, ಇವು ಕೈಚೀಲದಲ್ಲೇ ಇರಲಿ. ತಿಂಗಳುಗಟ್ಟಲೆ ಓಡಾಡಿ ದೃಢೀಕರಿಸಿದ ಪತ್ರ ಪೆಟ್ಟಿಗೆಯೊಂದಿಗೆ ಕಳೆದುಹೋದರೆ ಕೆಲಸಕ್ಕೇ ಸಂಚಕಾರ. ಜ್ಞಾನಸ್ನಾನದ ಪ್ರಮಾಣಪತ್ರಕ್ಕೆ ಮಾತ್ರ ಅಷ್ಟು ಹೆದರಬೇಕಿಲ್ಲ. ಅದರ ಮೂಲ ನಮ್ಮ ದಾಖಲೆ ಪುಸ್ತಕದಲ್ಲಿಯೇ ಇರುತ್ತದೆ, ಮತ್ತು ಮದುವೆಯ ಸಮಯಕ್ಕೆ ಹೇಗೂ ಹೊಸದನ್ನು ಕೇಳುತ್ತಾರೆ.

ಪೆಟ್ಟಿಗೆಯ ಹೊರಗೆ ಅಂಟಿಸಿದ ಚೀಟಿ ಹರಿದುಹೋಗುವುದುಂಟು. ಒಳಗೂ ಹೆಸರು, ಹೋಗುವ ಊರಿನ ಫೋನ್ ನಂಬರ್ ಬರೆದ ಕಾಗದ ಇಡಿ. ಮುಚ್ಚುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಿರಿ. ಇಳಿದ ಮೇಲೆ ಪೆಟ್ಟಿಗೆ ಬಾರದಿದ್ದರೆ ಅಥವಾ ಒಡೆದಿದ್ದರೆ, ನಿಲ್ದಾಣದಿಂದ ಹೊರಬರುವ ಮೊದಲೇ ವಿಮಾನ ಕಂಪನಿಯ ಕೌಂಟರಿನಲ್ಲಿ ದೂರು ಬರೆಸಿ ಅದರ ಪ್ರತಿ ಪಡೆದುಕೊಳ್ಳಬೇಕು. ಭಾರತವು 2009ರಲ್ಲಿ ಸೇರಿಕೊಂಡ ಮಾಂಟ್ರಿಯಲ್ ಒಪ್ಪಂದದಂತೆ, ಹಾನಿಯಾಗಿದ್ದರೆ 7 ದಿನದೊಳಗೆ, ತಡವಾಗಿ ಬಂದಿದ್ದರೆ ಕೈಗೆ ಸಿಕ್ಕಿದ 21 ದಿನದೊಳಗೆ ಲಿಖಿತ ದೂರು ಕೊಡಬೇಕು. 21 ದಿನ ಕಳೆದರೂ ಬಾರದಿದ್ದರೆ ಕಳೆದುಹೋಯಿತೆಂದೇ ಲೆಕ್ಕ. ಪರಿಹಾರದ ಮಿತಿ ಹೆಚ್ಚೆಂದರೆ ಸುಮಾರು 2,000 ಡಾಲರ್. ಅದನ್ನು ಕೇಳಲು ಬೋರ್ಡಿಂಗ್ ಪಾಸಿನ ಹಿಂದೆ ಅಂಟಿಸಿ ಕೊಡುವ ಲಗೇಜಿನ ಚಿಕ್ಕ ಚೀಟಿ ಬೇಕಾಗುತ್ತದೆ. ಹೊಸ ಕೋಣೆ ಸೇರಿ ಪೆಟ್ಟಿಗೆ ತೆರೆದು ಎಲ್ಲ ಸರಿಯಿದೆ ಎಂದು ನೋಡುವ ತನಕ ಅದನ್ನು ಎಸೆಯಬೇಡಿ.