ನಾಲೆಗೆ ನೀರು ಬಿಡುವ ಲೆಕ್ಕ

‘ಮೂವತ್ನಾಲ್ಕಕ್ಕೆ ಮತ್ತೆ ಓದೋದೇನಪ್ಪಾ? ಇರೋ ಕೆಲಸಕ್ಕೆ ಏನಾಗಿದೆ?’

ದಾವಣಗೆರೆಯಿಂದ ಅಮ್ಮ ಫೋನಿನಲ್ಲಿ ಕೇಳಿದಾಗ ಥಟ್ಟನೆ ಉತ್ತರ ಹೊಳೆಯಲಿಲ್ಲ. ಎಂ.ಟೆಕ್. ಮುಗಿಸಿ ಪುಣೆಗೆ ಬಂದು ಒಂಬತ್ತು ವರ್ಷವಾಯಿತು. ವಾಕಡ್‌ನಲ್ಲಿ ಫ್ಲ್ಯಾಟು, ಅದರ ಇಎಂಐ, ಯುಕೆಜಿಗೆ ಹೋಗುವ ಮಗಳು. ಇಷ್ಟರ ನಡುವೆ ಆಪರೇಷನ್ಸ್ ಮ್ಯಾನೇಜ್‌ಮೆಂಟ್‌ನಲ್ಲಿ ಪಿಎಚ್.ಡಿ. ಮಾಡಿ ಮೇಷ್ಟ್ರಾಗುವ ಆಸೆ ನನಗೆ.

ಆಸೆ ಹುಟ್ಟಿದ್ದು ಚಾಕಣ್‌ನ ಒಂದು ಗೋದಾಮಿನಲ್ಲಿ. ಲಾರಿಗಳಿಗೆ ಲೋಡಿಂಗ್ ಸರದಿ ಹಂಚುವ ಸಾಫ್ಟ್‌ವೇರ್ ಬರೆದುಕೊಟ್ಟಿದ್ದೆವು. ಗಂಟೆಗೆ ಹತ್ತು ಲಾರಿ ಬಂದು, ಒಂದೊಂದೂ ಸರಾಸರಿ ಅರ್ಧ ಗಂಟೆ ಒಳಗಿದ್ದರೆ, ಅಂಗಳದಲ್ಲಿ ಸರಾಸರಿ ಐದು ಲಾರಿ ಇರುತ್ತವೆ. ಇದೇ ‘ಲಿಟಲ್ಸ್ ಲಾ’. ಬ್ಯಾಂಕಿನ ಕ್ಯೂಗೂ ನಮ್ಮ ಸರ್ವರ್‌ಗೂ ಇದೇ ಲೆಕ್ಕ. ನಮ್ಮ ಲೆಕ್ಕ ತಪ್ಪಿರಲಿಲ್ಲ. ಆದರೆ ಗೇಟಿನ ಸೂಪರ್‌ವೈಸರ್ ನಮ್ಮ ಸ್ಕ್ರೀನ್ ಕಡೆ ನೋಡದೆ, ತನ್ನ ಹಳೇ ನೋಟ್‌ಬುಕ್ಕಿನಲ್ಲೇ ಸರದಿ ಬರೆಯುತ್ತಿದ್ದ. ಒಂದು ವರ್ಷ ಅವನನ್ನು ಬೈದುಕೊಂಡೇ ಕಳೆದೆ.

ಆಮೇಲೆ ಆ ಲಿಟಲ್ ಯಾರೆಂದು ಹುಡುಕಿದೆ. ಜಾನ್ ಲಿಟಲ್, ಅಮೆರಿಕದ ಎಂಐಟಿಯ ಪ್ರಾಧ್ಯಾಪಕರು. ಕ್ಲೀವ್‌ಲ್ಯಾಂಡಿನ ಕೇಸ್ ಇನ್‌ಸ್ಟಿಟ್ಯೂಟ್‌ನಲ್ಲಿ ಪಾಠ ಮಾಡುತ್ತಿದ್ದಾಗ, ಈ ಸೂತ್ರವನ್ನು ಸಾಧಿಸುವುದು ಕಷ್ಟವೇ ಎಂದು ವಿದ್ಯಾರ್ಥಿಗಳು ಕೇಳಿದರಂತೆ. ಅಷ್ಟೇನೂ ಕಷ್ಟವಿರಲಾರದು ಅಂದರು ಇವರು. ಹಾಗಾದರೆ ನೀವೇ ಮಾಡಿ ಅಂದುಬಿಟ್ಟರು ಅವರು! ಬಾಯಿ ಬಿಟ್ಟ ತಪ್ಪಿಗೆ ಬೇಸಿಗೆ ರಜೆಯನ್ನು ಅದಕ್ಕೇ ಕೊಟ್ಟರು. 1961ರಲ್ಲಿ ಪ್ರಬಂಧ ಬಂತು. ನಂತರ ಕ್ಯೂಗಳ ಸಹವಾಸ ಬಿಟ್ಟು ಟ್ರಾಫಿಕ್ ಸಿಗ್ನಲ್, ಮಾರ್ಕೆಟಿಂಗ್ ಕಡೆ ನಡೆದರು. 2024ರಲ್ಲಿ, 96ನೇ ವಯಸ್ಸಿನಲ್ಲಿ ತೀರಿಕೊಂಡರು.

ನನ್ನನ್ನು ತಟ್ಟಿದ್ದು ಅವರ 1970ರ ಇನ್ನೊಂದು ಪ್ರಬಂಧ. ಮ್ಯಾನೇಜರುಗಳು ನಮ್ಮ ಮಾಡೆಲ್‌ಗಳನ್ನು ಯಾಕೆ ಬಳಸುವುದಿಲ್ಲ ಎಂಬುದೇ ಅದರ ವಿಷಯ. ಮಾಡೆಲ್ ಸರಳವಾಗಿರಬೇಕು, ಬಳಸುವವನ ಹಿಡಿತದಲ್ಲಿರಬೇಕು, ಅವನಿಗೆ ಗೊತ್ತಿರುವುದಕ್ಕೂ ಅದರಲ್ಲಿ ಜಾಗವಿರಬೇಕು ಅನ್ನುತ್ತಾರೆ. ಓದಿದವನೇ ಚಾಕಣ್‌ಗೆ ಹೋಗಿ ಆ ನೋಟ್‌ಬುಕ್ ಕೇಳಿ ನೋಡಿದೆ. ರಾತ್ರಿಯೆಲ್ಲ ಗಾಡಿ ಓಡಿಸಿ ಬಂದವರು ಯಾರು, ಯಾವ ಸರಕು ಬಿಸಿಲಿಗೆ ಕೆಡುತ್ತದೆ, ಎಲ್ಲ ಅದರಲ್ಲಿತ್ತು. ನಮ್ಮ ಕೋಡಿನಲ್ಲಿ ಇರಲಿಲ್ಲ. ನಾನು ಓದಬೇಕೆಂದಿರುವುದು ಈ ಅಂತರವನ್ನೇ.

ಇದೆಲ್ಲ ಅಮ್ಮನಿಗೆ ಹೇಗೆ ಹೇಳುವುದು? ನೆರವಿಗೆ ಬಂದದ್ದೂ ಲಿಟಲ್ ಅವರೇ. ಆಪರೇಷನ್ಸ್ ರಿಸರ್ಚ್‌ನಲ್ಲಿ ಮೊದಲ ಪಿಎಚ್.ಡಿ. ಅವರದೆನ್ನುತ್ತಾರೆ, 1955ರದು. ವಿಷಯ, ಕೊಲಂಬಿಯಾ ನದಿಯ ಗ್ರಾಂಡ್ ಕೂಲಿ ಅಣೆಕಟ್ಟಿನ ವಿದ್ಯುತ್. ಮುಂದೆ ಎಷ್ಟು ನೀರು ಹರಿದು ಬರುತ್ತದೋ ಗೊತ್ತಿಲ್ಲದಿರುವಾಗ, ಇಂದು ಎಷ್ಟು ಬಿಡಬೇಕು, ಎಷ್ಟು ಹಿಡಿದಿಡಬೇಕು?

ಭದ್ರಾ ನಾಲೆಯ ಕೊನೆಗೆ ನಮ್ಮ ಗದ್ದೆ. ಹೀಗಾಗಿ ಅಮ್ಮನಿಗೆ ಪ್ರಶ್ನೆ ಬಿಡಿಸಿ ಹೇಳಬೇಕಾಗಲಿಲ್ಲ.

ಮುಂದಿನ ವಾರ ಸಂದರ್ಶನ. ಸಿಕ್ಕರೆ ನಾಲ್ಕೈದು ವರ್ಷ ಫೆಲೋಶಿಪ್ ಹಣದಲ್ಲೇ ಮನೆ ನಡೆಯಬೇಕು. ಹೆಂಡತಿ ತನ್ನ ಸಂಬಳದಲ್ಲಿ ಇಎಂಐ ಕಟ್ಟುತ್ತೇನೆ ಅಂದಿದ್ದಾಳೆ, ಎರಡು ವರ್ಷ ಮಾತ್ರ. ರಾಜೀನಾಮೆ ಪತ್ರ ಇನ್ನೂ ಡ್ರಾಫ್ಟ್‌ನಲ್ಲೇ ಇದೆ.

ನಿನ್ನೆ ಅಮ್ಮ ಮತ್ತೆ ಫೋನ್ ಮಾಡಿದ್ದಳು. ‘ಆ ಓದು ಓದಿದರೆ, ಬೇಸಿಗೆ ಭತ್ತಕ್ಕೆ ನೀರು ಬಿಡ್ತಾರೋ ಇಲ್ವೋ ಮೊದಲೇ ಹೇಳೋಕಾಗುತ್ತಾ?’